ಮೂಟರ್, ಟಾಪರ್, ಮಾತಾಡದವರು: ಲಾ ಸ್ಕೂಲಿನಲ್ಲಿ ಸ್ವಭಾವಗಳು ತಯಾರಾಗುವ ಬಗೆ

(ಕಾನೂನು ಓದುತ್ತಿರುವವರು, ಓದಬೇಕು ಅಂತ ತಯಾರಿ ನಡೆಸಿರುವವರು ಮತ್ತು ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪೈಪೋಟಿ ಜೋರಾಗಿರುವ ಯಾವ ಲಾ ಸ್ಕೂಲಿಗೆ ಬೇಕಾದರೂ ಹೋಗಿ ನೋಡಿ. ಮಕ್ಕಳು ಸೇರಿ ಒಂದು ತಿಂಗಳಾಗುವಷ್ಟರಲ್ಲಿ ಎಲ್ಲರಿಗೂ ಒಂದೊಂದು ಹಣೆಪಟ್ಟಿ ಬಿದ್ದಿರುತ್ತದೆ. ಅವನು ಮೂಟರ್, ಅಂದರೆ ಅಣಕು ಕೋರ್ಟಿನ ಸ್ಪರ್ಧೆಗಳಲ್ಲಿ ವಾದಿಸುವವನು. ಅವಳು ಟಾಪರ್. ಇವರು ಕಮಿಟಿ ಜನ. ಇವಳ ಅಪ್ಪ ಹೈಕೋರ್ಟಿನಲ್ಲಿ ಸೀನಿಯರ್ ವಕೀಲರು. ಆ ಹುಡುಗನಾ? ಅವನು ಬಿಡು, ಮಾತೇ ಆಡಲ್ಲ. ಒಮ್ಮೆ ಅಂಟಿದ ಮೇಲೆ ಐದು ವರ್ಷವೂ ಅದು ಹೋಗುವುದಿಲ್ಲ. ಸೀನಿಯರ್‌ಗಳು ಹಾಗೇ ನೋಡುತ್ತಾರೆ, ಪಾಠ ಮಾಡುವವರೂ ಹಾಗೇ ನೋಡುತ್ತಾರೆ. ಕೊನೆಗೆ ಆ ಹುಡುಗ, ಆ ಹುಡುಗಿ ಕೂಡ ತಮ್ಮನ್ನು ತಾವು ಹಾಗೇ ನೋಡಿಕೊಳ್ಳಲು ಶುರು ಮಾಡುತ್ತಾರೆ.

ನಾನು ವಕೀಲಿಕೆ ಮಾಡುತ್ತೇನೆ, ಜೊತೆಗೆ ಪಾಠ ಹೇಳುತ್ತೇನೆ, ಮೂಟ್ ಕೋರ್ಟ್ ಸ್ಪರ್ಧೆಗಳಲ್ಲಿ ಜಡ್ಜ್ ಆಗಿ ಕೂರುತ್ತೇನೆ. ಈ ಮಕ್ಕಳನ್ನು ನೋಡಿ ನೋಡಿ ನನಗೆ ಒಂದು ವಿಷಯ ಗಟ್ಟಿಯಾಗಿದೆ. ನಾವು ಅವರ ಸ್ವಭಾವ ಅಂತ ಕರೆಯುವುದರಲ್ಲಿ ಜಾಸ್ತಿ ಪಾಲು ಹುಟ್ಟಿನಿಂದ ಬಂದದ್ದಲ್ಲ. ಯಾವುದಕ್ಕೆ ಅಂಕ ಸಿಗುತ್ತದೆ, ಯಾವುದಕ್ಕೆ ಚಪ್ಪಾಳೆ ಬೀಳುತ್ತದೆ, ಯಾವುದರಿಂದ ಕೆಲಸ ಸಿಗುತ್ತದೆ ಎನ್ನುವುದನ್ನು ನೋಡಿಕೊಂಡು ಮಕ್ಕಳು ಆ ಕಡೆ ತಿರುಗುತ್ತಾರೆ. ಮನೆಯಿಂದ ಏನು ತಂದಿದ್ದಾರೆ ಎನ್ನುವುದೂ ಸೇರಿಕೊಳ್ಳುತ್ತದೆ. ಇವೆರಡನ್ನೂ ಪಕ್ಕಕ್ಕಿಟ್ಟು ಯಾರನ್ನಾದರೂ ಇಂಥವರು ಅಂತ ತೀರ್ಮಾನಿಸುವುದು ಅನ್ಯಾಯ. ಹಾಗೆ ತೀರ್ಮಾನಿಸಿದಾಗ ಏಟು ಬೀಳುವುದು ಯಾವಾಗಲೂ ಒಂದೇ ಗುಂಪಿಗೆ. ಆ ಗುಂಪಿನ ಬಗ್ಗೆ ಆಮೇಲೆ ಬರುತ್ತೇನೆ.

ಮೊದಲು ಬಾಗಿಲಿನ ವಿಷಯ. ಬೆಂಗಳೂರಿನ ನಾಗರಭಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್ ನಿಮಗೆಲ್ಲ ಗೊತ್ತು. 1986ರಲ್ಲಿ ಕರ್ನಾಟಕ ವಿಧಾನಮಂಡಲ ಕಾಯ್ದೆ ಮಾಡಿತು, 1988ರಲ್ಲಿ ಪಾಠ ಶುರುವಾಯಿತು. ಕಟ್ಟಿದವರು ಎನ್. ಆರ್. ಮಾಧವ ಮೆನನ್. ಡಿಗ್ರಿ ಮುಗಿಸಿ ಮೂರು ವರ್ಷ ಲಾ ಓದುವ ರೂಢಿ ಇದ್ದ ಕಾಲದಲ್ಲಿ ಪಿಯುಸಿ ಆದ ತಕ್ಷಣ ಐದು ವರ್ಷದ ಕೋರ್ಸು, ಹಾಸ್ಟೆಲ್ ವಾಸ, ವರ್ಷಕ್ಕೆ ಮೂರು ಟ್ರೈಮಿಸ್ಟರ್. ಬಹಳ ಕಾಲ ಅಲ್ಲಿದ್ದದ್ದು 80 ಸೀಟು ಮಾತ್ರ, ಈಗ ಜಾಸ್ತಿಯಾಗಿದೆ. ಅದರ ಮಾದರಿಯಲ್ಲೇ ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಬಂದವು. 2008ರಿಂದ ಇವುಗಳಲ್ಲಿ ಹೆಚ್ಚಿನವುಗಳ ಬಾಗಿಲು ಒಂದೇ, ಅದು ಕ್ಲಾಟ್ ಅನ್ನುವ ಪ್ರವೇಶ ಪರೀಕ್ಷೆ.

ಕ್ಲಾಟ್ ಈಗ ಹೇಗಿದೆ? ಎರಡು ಗಂಟೆ, 120 ಪ್ರಶ್ನೆ. ಸರಿಯಾದರೆ 1 ಅಂಕ, ತಪ್ಪಾದರೆ 0.25 ಕಡಿತ. ಪ್ರಶ್ನೆಗೆ ಒಂದು ನಿಮಿಷ ಅಂತ ಲೆಕ್ಕ. ಆದರೆ ಪ್ರಶ್ನೆಗಿಂತ ಮೊದಲು ಒಂದು ಉದ್ದನೆಯ ಇಂಗ್ಲಿಷ್ ಪ್ಯಾಸೇಜ್ ಓದಬೇಕು, ಆ ಸಮಯವೂ ಆ ನಿಮಿಷದಲ್ಲೇ ಕಳೆಯಬೇಕು. ಪರೀಕ್ಷೆ ನಡೆಯುವುದು ಇಂಗ್ಲಿಷಿನಲ್ಲಿ. ಹೀಗಾಗಿ ಬಾಗಿಲು ದಾಟುವವರು ಯಾರು? ಇಂಗ್ಲಿಷನ್ನು ವೇಗವಾಗಿ ಓದಿ, ಅನುಮಾನ ಇದ್ದರೂ ತಟ್ಟನೆ ತೀರ್ಮಾನ ಮಾಡಿ ಮುಂದೆ ಹೋಗುವವರು. ಅದೂ ಒಂದು ಒಳ್ಳೆಯ ಗುಣವೇ, ಅಲ್ಲ ಅನ್ನುವುದಿಲ್ಲ. ಆದರೆ ವಕೀಲರಿಗೆ ಬೇಕಾದ ಎಷ್ಟೋ ಗುಣಗಳನ್ನು ಈ ಪರೀಕ್ಷೆ ಕೇಳುವುದೇ ಇಲ್ಲ. ಹೆದರಿಕೊಂಡು ಬಂದ ಕಕ್ಷಿದಾರನ ಬಾಯಿಂದ ನಿಜ ಹೊರಡಿಸುವ ತಾಳ್ಮೆ, ಒಂದು ದಾಖಲೆಯನ್ನು ನಿಧಾನವಾಗಿ ನಾಲ್ಕು ಸಲ ಓದುವ ಅಭ್ಯಾಸ, ಎದುರಿನವರ ಮಾತು ಪೂರ್ತಿ ಕೇಳಿಸಿಕೊಳ್ಳುವುದು, ಇವಕ್ಕೆಲ್ಲ ಅಲ್ಲಿ ಜಾಗ ಇಲ್ಲ. ಅಂದರೆ ತರಗತಿಯಲ್ಲಿ ಕೂತ ಮೊದಲ ದಿನವೇ ಒಂದು ರೀತಿಯ ಮಕ್ಕಳು ಜಾಸ್ತಿ ಇರುತ್ತಾರೆ. ಆಮೇಲೆ ನಾವು "ಲಾ ಓದುವವರೆಲ್ಲ ಹೀಗೇನೇ" ಅಂತ ಮಾತಾಡುತ್ತೇವೆ.

ಈಗ ಹಣೆಪಟ್ಟಿಗಳಿಗೆ ಬರೋಣ.

ಮೂಟರ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ಲಾ ಸ್ಕೂಲಿನಲ್ಲಿ ಹೆಚ್ಚು ಮಿಂಚುವುದು ಈ ಗುಂಪು. ಮೂಟ್ ಅಂದರೆ ಅಣಕು ನ್ಯಾಯಾಲಯದ ಸ್ಪರ್ಧೆ. ಒಂದು ಕಲ್ಪಿತ ಪ್ರಕರಣ ಕೊಡುತ್ತಾರೆ. ಎರಡೂ ಪಕ್ಷಕ್ಕೆ ಲಿಖಿತ ವಾದ ಬರೆಯಬೇಕು, ಅದಕ್ಕೆ ಮೆಮೋರಿಯಲ್ ಅನ್ನುತ್ತಾರೆ. ಆಮೇಲೆ ಜಡ್ಜ್‌ಗಳ ಮುಂದೆ ನಿಂತು ವಾದಿಸಬೇಕು. ಅಂತರರಾಷ್ಟ್ರೀಯ ಕಾನೂನಿನ ಜೆಸಪ್ ಮೂಟ್ 1960ರಿಂದ ನಡೆಯುತ್ತಿದೆ. ನಾಗರಭಾವಿಯ ತಂಡ 1999ರಲ್ಲೂ 2013ರಲ್ಲೂ ಅದನ್ನು ಗೆದ್ದಿದೆ. ಅದು ನಿಜಕ್ಕೂ ದೊಡ್ಡ ಸಾಧನೆ. ಅಲ್ಲಿಗೆ ಹೋಗುವ ತಂಡಕ್ಕೆ ಆಯ್ಕೆಯಾಗುವುದೇ ಕ್ಯಾಂಪಸ್ಸಿನಲ್ಲಿ ಒಂದು ಗೌರವ.

ಒಂದು ಮೂಟ್ ಸುತ್ತನ್ನು ಹತ್ತಿರದಿಂದ ನೋಡಿ. ನಮ್ಮ ದೇಶದ ಹೆಚ್ಚಿನ ಸ್ಪರ್ಧೆಗಳಲ್ಲಿ ತಂಡಕ್ಕೆ ಮೂರು ಜನ. ಇಬ್ಬರು ಮಾತಾಡುವವರು, ಒಬ್ಬರು ರಿಸರ್ಚರ್. ಮಾತಾಡುವ ಹುಡುಗಿ ಎದ್ದು ನಿಲ್ಲುತ್ತಾಳೆ. ಕಪ್ಪು ಕೋಟು, ಬಿಳಿ ಅಂಗಿ, ಕೈಯಲ್ಲಿ ಬಣ್ಣದ ಚೀಟಿ ಅಂಟಿಸಿದ ಫೈಲು. ಎರಡು ವಾಕ್ಯ ಮುಗಿಯುವುದರೊಳಗೆ ನಾವು ತಡೆದು ಪ್ರಶ್ನೆ ಹಾಕುತ್ತೇವೆ. ಅವಳು ಒಂದು ಕ್ಷಣವೂ ಮುಖ ಬಾಡಿಸುವುದಿಲ್ಲ. "ಆ ವಿಷಯಕ್ಕೆ ಬರುತ್ತೇನೆ, ಯುವರ್ ಲಾರ್ಡ್‌ಶಿಪ್" ಅನ್ನುತ್ತಾಳೆ. ಅಷ್ಟರಲ್ಲಿ ಮೇಜಿನ ಹಿಂದೆ ಕೂತ ರಿಸರ್ಚರ್ ಫೈಲಿನ ಪುಟ ಸರಸರ ತಿರುವುತ್ತಾನೆ. ಒಂದು ಚೂರು ಕಾಗದದಲ್ಲಿ ಪ್ಯಾರಾ ನಂಬರು ಗೀಚಿ, ಮೇಜಿನ ಮೇಲೆ ಸದ್ದಾಗದಂತೆ ಮುಂದಕ್ಕೆ ತಳ್ಳುತ್ತಾನೆ. ಅವಳು ಕಣ್ಣು ಕೆಳಗೆ ಮಾಡಿ, ಓದಿ, ಆ ತೀರ್ಪಿನ ಆ ಪ್ಯಾರಾವನ್ನೇ ನಮ್ಮ ಮುಂದಿಡುತ್ತಾಳೆ. ನಾವು ತಲೆಯಾಡಿಸುತ್ತೇವೆ. ಸುತ್ತು ಮುಗಿದ ಮೇಲೆ ಎಲ್ಲರೂ ಅವಳ ಕೈ ಕುಲುಕುತ್ತಾರೆ.

ಬೆಸ್ಟ್ ರಿಸರ್ಚರ್ ಅಂತ ಒಂದು ಬಹುಮಾನ ಅನೇಕ ಕಡೆ ಇರುತ್ತದೆ, ಸರಿ. ಆದರೆ ಹೆಸರು ಬರುವುದು ಬೆಸ್ಟ್ ಸ್ಪೀಕರ್‌ಗೆ. ಇದನ್ನು ನೋಡಿದ ಕಿರಿಯರು ಏನು ಕಲಿಯುತ್ತಾರೆ? ಕಾನೂನು ಅಂದರೆ ನಿಂತು ಮಾತಾಡುವುದು, ಕೂತು ಹುಡುಕುವವರು ಎರಡನೇ ದರ್ಜೆ ಅಂತ. ಇಬ್ಬರಲ್ಲಿ ಒಬ್ಬರಿಲ್ಲದೆ ಇನ್ನೊಬ್ಬರಿಗೆ ಆ ಸುತ್ತು ದಾಟಲು ಆಗುತ್ತಿರಲಿಲ್ಲ ಎನ್ನುವುದು ಮೇಜಿನ ಈ ಕಡೆ ಕೂತ ನಮಗೆ ಕಾಣುತ್ತದೆ, ಸಭೆಯಲ್ಲಿ ಕೂತವರಿಗೆ ಕಾಣುವುದಿಲ್ಲ.

ಇನ್ನೊಂದು ಮುಖ್ಯ ಮಾತು. ಮೂಟ್‌ನಲ್ಲಿ ಸಂಗತಿಗಳನ್ನು ಮೊದಲೇ ಅಚ್ಚು ಮಾಡಿ ಕೊಟ್ಟಿರುತ್ತಾರೆ. ಅದರ ಬಗ್ಗೆ ಜಗಳ ಇಲ್ಲ, ಜಗಳ ಏನಿದ್ದರೂ ಕಾನೂನಿನ ಅರ್ಥದ ಬಗ್ಗೆ. ತಾಲ್ಲೂಕು ಕೋರ್ಟಿಗೆ ಬನ್ನಿ, ಅಲ್ಲಿ ಪೂರ್ತಿ ಜಗಳವೇ ಏನು ನಡೆಯಿತು ಎನ್ನುವುದರ ಬಗ್ಗೆ. ಸಾಕ್ಷಿ ಕನ್ನಡದಲ್ಲಿ ಮಾತಾಡುತ್ತಾನೆ, ಅವನ ಊರಿನ ಕನ್ನಡದಲ್ಲಿ. ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವ ಪಾಟೀ ಸವಾಲು ಮಾಡುವಾಗ ಯಾವ ಪ್ರಶ್ನೆ ಕೇಳಬೇಕು ಎನ್ನುವುದಕ್ಕಿಂತ ಯಾವುದನ್ನು ಕೇಳಬಾರದು ಎನ್ನುವುದು ಮುಖ್ಯ. ಮೂಟ್‌ನಲ್ಲಿ ಕಪ್ ಗೆದ್ದವರು ಇಲ್ಲಿ ಮತ್ತೆ ಮೊದಲಿಂದ ಕಲಿಯಬೇಕಾಗುತ್ತದೆ. ಕಲಿಯಲು ತಯಾರಿರುವವರು ಬಹಳ ಒಳ್ಳೆಯ ವಕೀಲರಾಗುತ್ತಾರೆ. ನಾನು ಮೂಟರ್ ಅಲ್ವಾ ಅಂತ ಕೂತವರಿಗೆ ಕಷ್ಟ.

ಟಾಪರ್ ಕಡೆ ಬರೋಣ. ಇವರ ಬಗ್ಗೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ ಹೇಳಲೇಬೇಕು. ವರ್ಜೀನಿಯಾ ವಿಶ್ವವಿದ್ಯಾಲಯದ ಲಾ ಸ್ಕೂಲಿನ ಒಂದು ಬ್ಯಾಚನ್ನು ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಮತ್ತು ಅವರ ಜೊತೆಗಾರರು ಓದು ಮುಗಿಯುವ ತನಕ ಗಮನಿಸಿದರು. 1997ರಲ್ಲಿ ಪ್ರಕಟಿಸಿದರು. ಬೇರೆ ಕ್ಷೇತ್ರಗಳಲ್ಲಿ ಆಶಾವಾದಿಗಳು ಚೆನ್ನಾಗಿ ಮಾಡುತ್ತಾರೆ ಅಂತ ಸೆಲಿಗ್ಮನ್ ಮೊದಲೇ ತೋರಿಸಿದ್ದರು. ಲಾ ಸ್ಕೂಲಿನಲ್ಲಿ ಲೆಕ್ಕ ತಿರುಗಿಬಿತ್ತು. ಕೆಟ್ಟದ್ದೇ ಆಗುತ್ತದೆ ಅಂತ ಯೋಚಿಸುವ ಮಕ್ಕಳಿಗೇ ಒಳ್ಳೆಯ ಗ್ರೇಡ್ ಬಂತು. ಕಾರಣ ಊಹಿಸುವುದು ಕಷ್ಟವಲ್ಲ. ಒಂದು ಕರಾರು ಪತ್ರ ಓದುವಾಗ ಎಲ್ಲಿ ಎಡವಟ್ಟಾಗಬಹುದು, ಯಾವ ಸಾಲಿನಲ್ಲಿ ಮೋಸ ನುಸುಳಬಹುದು ಅಂತ ಹುಡುಕುವುದೇ ವಕೀಲರ ಕೆಲಸ. ಆ ಎಚ್ಚರಿಕೆಗೆ ಇಲ್ಲಿ ಅಂಕ ಇದೆ.

ಆದರೆ ಆ ಎಚ್ಚರಿಕೆ ಕರಾರು ಪತ್ರದ ಮೇಲೆ ನಿಲ್ಲುವುದಿಲ್ಲ, ಮನೆಗೂ ಬರುತ್ತದೆ. ಗೆಳತಿ ಫೋನ್ ಎತ್ತದಿದ್ದರೆ ಕೆಟ್ಟದ್ದನ್ನೇ ಊಹಿಸುವುದು. ಒಂದು ವಿಷಯದಲ್ಲಿ ಅಂಕ ಕಡಿಮೆ ಬಂದರೆ ಜೀವನವೇ ಮುಗಿಯಿತು ಅಂದುಕೊಳ್ಳುವುದು. ಸಾಲು ಸಾಲಾಗಿ ಹದಿನೈದು ಟ್ರೈಮಿಸ್ಟರ್. ಪ್ರಾಜೆಕ್ಟ್, ವೈವಾ, ಪರೀಕ್ಷೆ, ಮುಗಿಯಿತು ಅನ್ನುವಷ್ಟರಲ್ಲಿ ಮುಂದಿನದು ಶುರು. ಟಾಪರ್ ಸೊಕ್ಕಿನವಳು, ಯಾರ ಜೊತೆಗೂ ಸೇರಲ್ಲ ಅಂತ ಬೇರೆಯವರು ಹೇಳುತ್ತಾರೆ. ಅವಳ ರೂಮಿಗೆ ಹೋಗಿ ಮಾತಾಡಿಸಿದವರಿಗೆ ಗೊತ್ತು, ಅವಳಲ್ಲಿ ಇರುವುದು ಭಯ. ಪೋಷಕರಿಗೆ ಒಂದು ವಿನಂತಿ ಮಾಡುತ್ತೇನೆ. ಮಗಳು ಮೊದಲ ರ‍್ಯಾಂಕ್‌ನಲ್ಲಿದ್ದಾಳೆ ಅಂದರೆ ಅವಳು ಆರಾಮಾಗಿದ್ದಾಳೆ ಅಂತ ಅಂದುಕೊಳ್ಳಬೇಡಿ. ಊಟ ಆಯ್ತಾ, ನಿದ್ದೆ ಬಂತಾ ಅಂತ ಮೊದಲು ಕೇಳಿ, ಅಂಕ ಆಮೇಲೆ.

ಕಮಿಟಿ ಜನರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೆಸ್ಟ್ ನಡೆಸುವುದು, ಸ್ಪಾನ್ಸರ್ ಹುಡುಕುವುದು, ಮೆಸ್ ಊಟದ ಜಗಳ ಬಗೆಹರಿಸುವುದು, ಸಂದರ್ಶನಕ್ಕೆ ಲಾ ಫರ್ಮ್‌ಗಳನ್ನು ಕರೆಸುವುದು ಇವರೇ. ಜನರನ್ನು ಕೂಡಿಸಿ ಕೆಲಸ ಮಾಡಿಸಲು ಬರುವವರು. ಆ ಗುಣಕ್ಕೆ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ ಅಷ್ಟೇ.

ವಕೀಲರ ಮಕ್ಕಳ ಬಗ್ಗೆ ಒಂದು ಮಾತು. ಇವರ ಆತ್ಮವಿಶ್ವಾಸ ನೋಡಿ ಉಳಿದವರು ಹಿಂಜರಿಯುತ್ತಾರೆ. ಆ ಆತ್ಮವಿಶ್ವಾಸದ ಒಳಗೆ ಏನಿದೆ ನೋಡಿ. ಕಾಜ್ ಲಿಸ್ಟ್ (ಕೋರ್ಟಿನಲ್ಲಿ ಆ ದಿನ ಬರುವ ಪ್ರಕರಣಗಳ ಪಟ್ಟಿ) ಹೇಗೆ ಓದಬೇಕು, ಇಂಟರ್ನ್‌ಶಿಪ್‌ಗೆ ಯಾರಿಗೆ ಮೇಲ್ ಹಾಕಬೇಕು, ಕೋರ್ಟ್ ಹಾಲಿನಲ್ಲಿ ಎಲ್ಲಿ ಕೂರಬೇಕು, ಎಲ್ಲಿ ಕೂರಬಾರದು, ಇವೆಲ್ಲ ಊಟದ ಮೇಜಿನಲ್ಲೇ ಕಿವಿಗೆ ಬಿದ್ದಿರುತ್ತದೆ. ಇದು ಸ್ವಭಾವ ಅಲ್ಲ, ಮಾಹಿತಿ. ಮಾಹಿತಿಯನ್ನು ಯಾರಿಗೆ ಬೇಕಾದರೂ ಕೊಡಬಹುದು. ಮೊದಲ ವಾರದಲ್ಲೇ ಕಾಲೇಜು ಎಲ್ಲರನ್ನೂ ಕೂರಿಸಿ ಇದನ್ನು ಹೇಳಿಕೊಟ್ಟರೆ ಅರ್ಧ ಅಂತರ ಅಲ್ಲೇ ಕಡಿಮೆಯಾಗುತ್ತದೆ. ನಾನು ಹೋದಲ್ಲೆಲ್ಲ ಇದನ್ನು ಒತ್ತಿ ಹೇಳುತ್ತೇನೆ.

ಈಗ ಮಾತಾಡದವರು.

ಲಾ ಸ್ಕೂಲಿಗೆ ಬೇರೆ ದಾರಿಯಿಂದ ಬರುವ ಮಕ್ಕಳಿದ್ದಾರೆ. ಮೀಸಲಾತಿಯಿಂದ ಬರುತ್ತಾರೆ. ಬಡ ಮಕ್ಕಳನ್ನು ಗುರುತಿಸಿ ಕ್ಲಾಟ್‌ಗೆ ತಯಾರು ಮಾಡುವ ಇಡಿಯಾ ಅನ್ನುವ ಸಂಸ್ಥೆಯ ಮೂಲಕವೂ ಬರುತ್ತಾರೆ. ಅದನ್ನು 2010ರಲ್ಲಿ ಶುರು ಮಾಡಿದವರು ಶಮ್ನಾದ್ ಬಶೀರ್, ನಾಗರಭಾವಿಯಲ್ಲೇ ಓದಿದವರು. 2019ರಲ್ಲಿ ಚಿಕ್ಕಮಗಳೂರಿನ ಬಾಬಾ ಬುಡನ್‌ಗಿರಿ ಕಡೆ ಹೋಗಿದ್ದಾಗ ತೀರಿಕೊಂಡರು. ಅಷ್ಟು ಕಡಿಮೆ ವಯಸ್ಸಿನಲ್ಲಿ ಅವರು ಹೋದದ್ದು ನಮ್ಮ ಕ್ಷೇತ್ರಕ್ಕೆ ತುಂಬಲಾಗದ ನಷ್ಟ. ಅವರ ಸಂಸ್ಥೆ ಈಗಲೂ ಕೆಲಸ ಮಾಡುತ್ತಿದೆ. ಇನ್ನು ನಾಗರಭಾವಿಯ ಶಾಲೆಯಲ್ಲಿ ಕರ್ನಾಟಕದಲ್ಲಿ ಓದಿದವರಿಗೆ ಶೇ. 25 ಸೀಟಿನ ವ್ಯವಸ್ಥೆ ಬಂದಿದೆ. ಕರ್ನಾಟಕದಲ್ಲಿ ಓದಿದವರು ಅಂದ ಮಾತ್ರಕ್ಕೆ ಕನ್ನಡ ಮಾಧ್ಯಮದವರು ಅಂತಲ್ಲ ಅನ್ನಿ. ಆದರೂ ಒಬ್ಬಿಬ್ಬರು ಸಣ್ಣ ಊರಿನ ಮಕ್ಕಳು ಒಳಗೆ ಬರುತ್ತಾರೆ.

ಹೀಗೆ ಬಂದವರು ತರಗತಿಯಲ್ಲಿ ಮಾತಾಡುವುದಿಲ್ಲ. ಯಾಕೆ? ತಲೆಯಲ್ಲಿ ಉತ್ತರ ಇರುತ್ತದೆ. ಅದನ್ನು ಇಂಗ್ಲಿಷಿನಲ್ಲಿ ಜೋಡಿಸುವಷ್ಟರಲ್ಲಿ ಪಕ್ಕದವರು ಕೈ ಎತ್ತಿ ಹೇಳಿ ಮುಗಿಸಿರುತ್ತಾರೆ. ನಾಲ್ಕೈದು ಸಲ ಹೀಗಾದರೆ ಯಾರಾದರೂ ಬಾಯಿ ಮುಚ್ಚುತ್ತಾರೆ. ಆಮೇಲೆ ಅಂತರ್ಮುಖಿ ಅಂತ ಹೆಸರು. ಅದೇ ಹುಡುಗ ಊರಿನಲ್ಲಿ ಗೆಳೆಯರ ನಡುವೆ ಬಾಯಿ ಮುಚ್ಚದೆ ಮಾತಾಡುವವನು.

ಒಂದು ಕಾನೂನು ನೆರವು ಶಿಬಿರದಲ್ಲಿ ನಾನು ಕಂಡದ್ದು ಹೇಳುತ್ತೇನೆ. ವಿದ್ಯಾರ್ಥಿಗಳು ಹಳ್ಳಿಗೆ ಬಂದಿದ್ದರು. ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಕಟ್ಟಿಕೊಂಡು ಬಂದರು. ಗಂಡ ತೀರಿಕೊಂಡಿದ್ದಾರೆ, ಮೈದುನ ಹೊಲದೊಳಗೆ ಕಾಲಿಡಲು ಬಿಡುತ್ತಿಲ್ಲ. ತರಗತಿಯಲ್ಲಿ ಚೆನ್ನಾಗಿ ಓದುವ ಒಬ್ಬ ಹುಡುಗ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಂ ವಿವರಿಸಿದ. ಹೆಂಡತಿ ಮೊದಲ ವರ್ಗದ ವಾರಸುದಾರಳು, ನಿಮಗೆ ಹಕ್ಕಿದೆ ಅಂತ. ಕಾನೂನು ಸರಿಯಾಗೇ ಇತ್ತು. ಅಜ್ಜಿಗೆ ಏನೂ ಅರ್ಥವಾಗಲಿಲ್ಲ. ಆಗ ಹಿಂದೆ ನಿಂತಿದ್ದ ಒಬ್ಬ ಹುಡುಗಿ ಮುಂದೆ ಬಂದು ನೆಲದ ಮೇಲೆ ಕೂತಳು. "ಅಜ್ಜಿ, ಪಹಣಿ ಯಾರ ಹೆಸ್ರಲ್ಲಿದೆ? ಪೌತಿ ಖಾತೆ ಮಾಡ್ಸಿದ್ರಾ?" ಅಂತ ಕೇಳಿದಳು. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದೇ ಪೌತಿ ಖಾತೆ, ಅದನ್ನು ಮಾಡಿಸಿರಲಿಲ್ಲ. ಮರಣ ಪ್ರಮಾಣ ಪತ್ರ ಇತ್ತು, ವಂಶವೃಕ್ಷ ಇರಲಿಲ್ಲ. ಒಂದೊಂದಾಗಿ ಕಾಗದ ಬಿಡಿಸಿ, ಯಾವುದು ಇದೆ, ಯಾವುದು ಬೇಕು, ನಾಡಕಚೇರಿಯಲ್ಲಿ ಏನಂತ ಅರ್ಜಿ ಕೊಡಬೇಕು ಅಂತ ಹೇಳಿದಳು. ಅಜ್ಜಿ ಆಮೇಲೆ ಮೈದುನನ ಬಗ್ಗೆ ಇನ್ನೂ ಎರಡು ಮುಖ್ಯ ಸಂಗತಿ ಬಾಯಿಬಿಟ್ಟರು. ಅದುವರೆಗೆ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಆ ಹುಡುಗಿಗೆ ತರಗತಿಯಲ್ಲಿದ್ದ ಹೆಸರು "ಸೈಲೆಂಟ್". ಅವಳ ಇಂಗ್ಲಿಷ್ ಬರವಣಿಗೆ ಅಷ್ಟೇನೂ ಚೆನ್ನಾಗಿರಲಿಲ್ಲ. ಅದನ್ನು ಅವಳು ಕಷ್ಟಪಟ್ಟು ಸುಧಾರಿಸಿಕೊಳ್ಳಲೇಬೇಕಿತ್ತು. ಹೈಕೋರ್ಟಿನಲ್ಲಿ ಇಂಗ್ಲಿಷ್ ಬೇಕು, ಅದರಲ್ಲಿ ರಿಯಾಯಿತಿ ಕೇಳಿ ಪ್ರಯೋಜನ ಇಲ್ಲ. ನನ್ನ ತಕರಾರು ಬೇರೆ. ಅವಳಿಗೆ ಏನು ಬರುವುದಿಲ್ಲ ಎನ್ನುವುದನ್ನು ಅಳೆಯಲು ಹತ್ತು ಪರೀಕ್ಷೆ ಇಟ್ಟಿದ್ದೇವೆ, ಏನು ಬರುತ್ತದೆ ಎನ್ನುವುದನ್ನು ಅಳೆಯಲು ಒಂದನ್ನೂ ಇಟ್ಟಿಲ್ಲ. ಆ ಹುಡುಗನಿಗೂ ನಾವು ನಷ್ಟವನ್ನೇ ಮಾಡಿದ್ದೇವೆ. ಅಜ್ಜಿಯ ಜೊತೆ ಹೇಗೆ ಮಾತಾಡಬೇಕು ಅಂತ ಅವನಿಗೆ ಯಾರೂ ಕಲಿಸಲಿಲ್ಲ, ಕಲಿತರೆ ಅಂಕವೂ ಇರಲಿಲ್ಲ.

ಇದನ್ನು ಬದಲಾಯಿಸಲು ಆಗುತ್ತದಾ? ಆಗುತ್ತದೆ. ಕೆನ್ನನ್ ಶೆಲ್ಡನ್ ಮತ್ತು ಲಾರೆನ್ಸ್ ಕ್ರೀಗರ್ ಅಂತ ಇಬ್ಬರು ಅಮೆರಿಕದ ಸಂಶೋಧಕರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 2004ರಲ್ಲಿ ಅವರು ತೋರಿಸಿದ್ದು, ಲಾ ಸ್ಕೂಲಿಗೆ ಬರುವಾಗ ಮಕ್ಕಳು ಬೇರೆಯವರಷ್ಟೇ ಖುಷಿಯಾಗಿ, ಉತ್ಸಾಹವಾಗಿ ಇರುತ್ತಾರೆ. ಮೊದಲ ವರ್ಷ ಮುಗಿಯುವಷ್ಟರಲ್ಲಿ ಆ ಖುಷಿ ಇಳಿಯುತ್ತದೆ. ಆಸಕ್ತಿಯಿಂದ ಓದುತ್ತಿದ್ದವರು ಹೆಸರಿಗಾಗಿ, ಬೇರೆಯವರು ಮೆಚ್ಚಲಿ ಅಂತ ಓದಲು ಶುರು ಮಾಡುತ್ತಾರೆ. ಒಂದೇ ವರ್ಷದಲ್ಲಿ ಹೀಗೆ ಬದಲಾಗುವುದನ್ನು ಹುಟ್ಟುಗುಣ ಅಂತ ಹೇಗೆ ಕರೆಯುವುದು? 2007ರಲ್ಲಿ ಅವರು ಎರಡು ಲಾ ಸ್ಕೂಲುಗಳನ್ನು ಹೋಲಿಸಿದರು. ಒಂದರಲ್ಲಿ ಮೇಷ್ಟ್ರುಗಳು ತಮ್ಮ ಮಾತು ಕೇಳುತ್ತಾರೆ, ಆಯ್ಕೆಗೆ ಅವಕಾಶ ಕೊಡುತ್ತಾರೆ ಅಂತ ವಿದ್ಯಾರ್ಥಿಗಳಿಗೆ ಜಾಸ್ತಿ ಅನ್ನಿಸುತ್ತಿತ್ತು. ಅಲ್ಲಿ ಮಕ್ಕಳು ಕುಗ್ಗಿದ್ದು ಕಡಿಮೆ. ವಕೀಲಿಕೆಗೆ ಅನುಮತಿ ಪಡೆಯಲು ಬರೆಯುವ ಬಾರ್ ಪರೀಕ್ಷೆಯ ಫಲಿತಾಂಶವೂ ಚೆನ್ನಾಗಿತ್ತು. ಆಮೇಲೆ 2015ರಲ್ಲಿ 6000ಕ್ಕೂ ಹೆಚ್ಚು ವಕೀಲರನ್ನು ಕೇಳಿ ನೋಡಿದರು. ಲಾ ಸ್ಕೂಲಿನ ರ‍್ಯಾಂಕ್‌ಗೂ ಈಗಿನ ನೆಮ್ಮದಿಗೂ ಸಂಬಂಧ ಬಹಳ ಕಡಿಮೆ. ಅಲ್ಲಿನ ಮಕ್ಕಳು ಜೀವ ಬಿಡುವ ಲಾ ರಿವ್ಯೂ (ವಿದ್ಯಾರ್ಥಿಗಳೇ ಸಂಪಾದಿಸುವ ಕಾನೂನು ಪತ್ರಿಕೆ) ಸದಸ್ಯತ್ವಕ್ಕೂ ನೆಮ್ಮದಿಗೂ ಸಂಬಂಧವೇ ಕಾಣಲಿಲ್ಲ. ಮಾಡುವ ಕೆಲಸ ತನ್ನದು ಅನ್ನಿಸುವುದು, ಜೊತೆಯವರೊಂದಿಗೆ ಹತ್ತಿರದ ನಂಟು, ಇವು ಎಷ್ಟೋ ಪಾಲು ಮುಖ್ಯವಾಗಿದ್ದವು.

ಇತ್ತೀಚೆಗೆ ಮಕ್ಕಳು ಆನ್‌ಲೈನ್ ಪರ್ಸನಾಲಿಟಿ ಟೆಸ್ಟ್ ಮಾಡಿಕೊಂಡು ನಾಲ್ಕು ಅಕ್ಷರದ ಒಂದು ಹೆಸರು ಹೇಳುತ್ತಾರೆ. ಮೈಯರ್ಸ್-ಬ್ರಿಗ್ಸ್ ಮಾದರಿಯದು, ಒಟ್ಟು 16 ಬಗೆ. ಅದು ಜನರನ್ನು ಈ ಕಡೆ ಇಲ್ಲವೇ ಆ ಕಡೆ ಅಂತ ಕತ್ತರಿಸುತ್ತದೆ. ನಾವು ಹೆಚ್ಚಿನವರು ಇರುವುದು ನಡುವೆ. ಸಂಶೋಧಕರು ಈಗ ಜಾಸ್ತಿ ಬಳಸುವುದು ಐದು ಗುಣಗಳ ಅಳತೆಪಟ್ಟಿ. ಅದರಲ್ಲಿ ಓದಿನ ಅಂಕಗಳ ಜೊತೆ ಗಟ್ಟಿಯಾಗಿ ಹೊಂದಿಕೊಳ್ಳುವುದು ಹಿಡಿದ ಕೆಲಸ ಬಿಡದೆ ಮಾಡುವ ಗುಣ. ಮಾತುಗಾರಿಕೆ ಅಲ್ಲ. ಹಿಂದಿನ ಬೆಂಚಿನ ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಿ.

ಮಾಧವ ಮೆನನ್ ಅವರು ಶಾಲೆ ಕಟ್ಟಿದಾಗ ಮನಸ್ಸಿನಲ್ಲಿದ್ದದ್ದು ಸಮಾಜಕ್ಕೆ ಬೇಕಾದ ವಕೀಲರು. 1991ರ ನಂತರ ಆರ್ಥಿಕತೆ ತೆರೆದುಕೊಂಡಿತು, ಕಾರ್ಪೊರೇಟ್ ಲಾ ಫರ್ಮ್‌ಗಳು ಬೆಳೆದವು, ಒಳ್ಳೆಯ ಸಂಬಳ ಕೊಟ್ಟವು, ಮಕ್ಕಳು ಆ ಕಡೆ ಹೋದರು. ಅವರನ್ನು ಬೈಯುವುದಿಲ್ಲ, ಎಷ್ಟೋ ಮನೆಗಳಲ್ಲಿ ಎಜುಕೇಶನ್ ಲೋನ್ ಇರುತ್ತದೆ. ಆದರೆ ಫರ್ಮ್‌ನವರು ಒಂದು ದಿನ ಬಂದು ಸಿಜಿಪಿಎ ನೋಡಿ, ಅರ್ಧ ಗಂಟೆ ಮಾತಾಡಿಸಿ ಆರಿಸಿಕೊಂಡು ಹೋಗುವುದನ್ನೇ ಐದು ವರ್ಷದ ಗುರಿ ಮಾಡಿದಾಗ, ಎಲ್ಲರೂ ಆ ಅರ್ಧ ಗಂಟೆಗೆ ತಕ್ಕಂತೆ ತಮ್ಮನ್ನು ಕೆತ್ತಿಕೊಳ್ಳುತ್ತಾರೆ. ಕಾಲೇಜುಗಳು ಶಿಬಿರದ ಕೆಲಸಕ್ಕೆ, ಕಕ್ಷಿದಾರರ ಸಂದರ್ಶನಕ್ಕೆ, ಕನ್ನಡದ ದಾಖಲೆ ಓದುವುದಕ್ಕೆ ಪ್ರಾಜೆಕ್ಟ್‌ನಷ್ಟೇ ಅಂಕ ಇಡಲಿ. ಆಗ ಬೇರೆ ಮುಖಗಳು ಮುಂದೆ ಬರುತ್ತವೆ.

ಕೊನೆಯಲ್ಲಿ ಒಬ್ಬರು ತಾಯಿ ಎದ್ದು ನಿಂತು ಕೇಳಿದರು: "ಮೇಡಂ, ನನ್ನ ಮಗಳು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಈಗ ಪಿಯುಸಿ ಆರ್ಟ್ಸ್. ಮಾತು ಬಹಳ ಕಡಿಮೆ. ಲಾ ಅವಳಿಗೆ ಆಗಲ್ಲ ಅಂತ ನೆಂಟರೆಲ್ಲ ಹೇಳ್ತಾರೆ. ಸೇರಿಸ್ಲಾ ಬೇಡ್ವಾ?"

ನಾನು ಹೇಳಿದ್ದು ಇಷ್ಟು. ನೆಂಟರ ಮಾತು ಬಿಡಿ ಅಮ್ಮ, ಮೊದಲು ಅವಳಿಗೇ ಇಷ್ಟ ಇದೆಯಾ ಕೇಳಿ. ಕೋರ್ಟಿನ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ರಜೆಯಲ್ಲಿ ನಿಮ್ಮ ತಾಲ್ಲೂಕು ಕೋರ್ಟಿಗೆ ಕರೆದುಕೊಂಡು ಹೋಗಿ, ಹಿಂದೆ ಕೂತು ಒಂದು ಪಾಟೀ ಸವಾಲು ಪೂರ್ತಿ ನೋಡಲಿ. ಇಷ್ಟ ಆದರೆ ಇವತ್ತಿನಿಂದಲೇ ದಿನಾ ಒಂದು ಇಂಗ್ಲಿಷ್ ಸಂಪಾದಕೀಯ ಓದಲಿ, ಗೊತ್ತಿಲ್ಲದ ಪದ ಬರೆದಿಟ್ಟುಕೊಳ್ಳಲಿ. ಇಡಿಯಾದ ಕರ್ನಾಟಕ ಘಟಕಕ್ಕೆ ಬರೆಯಿರಿ. ಕ್ಲಾಟ್ ಪರೀಕ್ಷೆ ಡಿಸೆಂಬರಿನಲ್ಲಿ, ಅರ್ಜಿ ಜುಲೈ ಆಗಸ್ಟ್ ಹೊತ್ತಿಗೆ ಶುರುವಾಗುತ್ತದೆ. ಅದು ಆಗಲಿಲ್ಲ ಅಂದರೂ ದಾರಿ ಮುಚ್ಚುವುದಿಲ್ಲ. ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ರಾಜ್ಯದ ತುಂಬ ಐದು ವರ್ಷದ ಕೋರ್ಸಿನ ಕಾಲೇಜುಗಳಿವೆ. ಪಿಯುಸಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಕ್ಕೆ ಶೇ. 42, ಪರಿಶಿಷ್ಟರಿಗೆ ಶೇ. 40 ಅಂಕ ಇದ್ದರೆ ಸೇರಬಹುದು. ಅಲ್ಲಿ ಉತ್ತರವನ್ನು ಕನ್ನಡದಲ್ಲೂ ಬರೆಯಬಹುದು. ಓದು ಮುಗಿದ ಮೇಲೆ ವಕೀಲರು ಬರೆಯಬೇಕಾದ ಎಐಬಿಇ ಪರೀಕ್ಷೆ ಕೂಡ ಕನ್ನಡದಲ್ಲಿದೆ. ಮಾತು ಕಡಿಮೆ ಅನ್ನುವುದಕ್ಕೆ ಹೆದರಬೇಡಿ. ನನ್ನ ಆಫೀಸಿನಲ್ಲಿ ಫೈಲನ್ನು ಎಲ್ಲರಿಗಿಂತ ಚೆನ್ನಾಗಿ ಓದುವ ಜೂನಿಯರ್ ಇಡೀ ದಿನದಲ್ಲಿ ಆಡುವುದು ನಾಲ್ಕೇ ಮಾತು. ಮಗಳನ್ನು ಒಂದು ಶನಿವಾರ ಕಳಿಸಿ, ಅವರ ಜೊತೆ ಕೂತು ಒಂದು ಫೈಲು ನೋಡಲಿ.